ನೋವಿಲ್ಲವೆಂದು ನೆಮ್ಮದಿಯಿಂದಿರುವ ಮಧುಮೇಹಿ ಬಾಂಧವರಲ್ಲಿ ಬಿನ್ನಹ

ಮಧುಮೇಹವುಳ್ಳ ಬಾಂಧವರಲ್ಲಿಯೂ, ಅವರ ಊಟ ಔಷಧಗಳ ಭಾರವನ್ನು ಹೊತ್ತಿರುವ ಮನೆಯವರಲ್ಲಿಯೂ ನನ್ನದೊಂದು ಕಳಕಳಿಯ ಮನವಿಯಿದೆ.

ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ನಮ್ಮ ದೊಡ್ಡಪ್ಪನವರು ಮದುವೆಮನೆಯೊಂದರಲ್ಲಿ ಪಂಕ್ತಿಯಿಂದೇಳುತ್ತಲೇ ಮೈಯೆಲ್ಲ ಬೆವೆತು ಗೋಡೆಗೊರಗಿ ಕುಳಿತರು. ಎದೆನೋವುಂಟೇ ಎಂದು ಕೇಳಿದವರಿಗೆಲ್ಲ ಇಲ್ಲವೆಂದೇ ತಲೆಯಾಡಿಸಿದರು. ಪಿತ್ತವಿರಬೇಕೆಂದು ನಾವು ನಿಂಬೆಯ ಪಾನಕ ಕುಡಿಸಿದೆವು. ಮೂರನೆಯ ದಿನ ಇ.ಸಿ.ಜಿ. ತೆಗೆಸಿದಾಗಲೇ ಅಂದು ಸಂಭವಿಸಿದ್ದು ಹೃದಯಾಘಾತವೆಂದು ತಿಳಿದದ್ದು. ಆ ಲೋಟವನ್ನು ಅವರ ಕೈಗಿತ್ತವನು ನಾನೇ.

ನೋವಿಲ್ಲದೆಯೂ ಹೃದಯಾಘಾತ ಹೇಗಾದೀತೆಂದು ತಿಳಿಯಲು ಹೃದಯವನ್ನಾಳುವ ನರಗಳನ್ನು ಅರಿಯಬೇಕು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುವುದು ಅದರ ಸ್ವಭಾವ. ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯನ್ನಿಳಿದು ಉದರದವರೆಗೆ ಹರಡಿರುವ ವೇಗಸ್ ಎಂಬ ದೀರ್ಘ ನರವು, ಕಡಿವಾಣ ಹಿಡಿದ ನಿಪುಣ ಸವಾರನಂತೆ, ವಿಶ್ರಾಂತಿಯ ವೇಳೆಯಲ್ಲಿ ಅದನ್ನು ಎಪ್ಪತ್ತರ ಆಸುಪಾಸಿಗೆ ತಂದು ನಿಲ್ಲಿಸುತ್ತದೆ. ಉಸಿರೆಳೆದಾಗ ಬಡಿತ ತುಸು ತ್ವರಿತ, ಬಿಟ್ಟಾಗ ತುಸು ಮಂದ. ಈ ಏರಿಳಿತವೇ ಆರೋಗ್ಯದ ಲಕ್ಷಣ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಮಿತಿಮೀರಿದ್ದರೆ ನರಗಳೂ ಅವುಗಳನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳೂ ಜೀರ್ಣವಾಗುತ್ತವೆ. ಅಂಗಾಲು ಜುಮುಗುಡುವುದನ್ನು ನಾವು ಬಲ್ಲೆವು, ಆದರೆ ಅದೇ ಹಾನಿ ವೇಗಸ್ಸಿಗೂ ತಗಲಿದಾಗ ಅದನ್ನು ಸಾರಿ ಹೇಳುವ ಬಾಧೆ ಯಾವುದೂ ಮೊದಮೊದಲು ತೋರುವುದಿಲ್ಲ. ಸುಮ್ಮನೆ ಕುಳಿತಾಗಲೂ ನಾಡಿ ತೊಂಬತ್ತು, ನೂರರಲ್ಲಿ ಏಕತಾನವಾಗಿ ಓಡುತ್ತದೆ. ರಕ್ತನಾಳಗಳನ್ನು ಬಿಗಿಹಿಡಿಯುವ ಬೇರೆ ನರಗಳೂ ಸೋತರೆ, ಎದ್ದು ನಿಂತೊಡನೆ ಆ ನಾಳಗಳು ಸಂಕೋಚಗೊಳ್ಳಲಾರದೆ ಬಿ.ಪಿ. ಕುಸಿದು ಕಣ್ಣು ಕತ್ತಲಿಡುತ್ತದೆ. ಪ್ರತಿ ಬಡಿತದ ಬಳಿಕ ಹೃದಯವು ಮತ್ತೆ ಸಜ್ಜಾಗುವ ಅವಧಿ ದೀರ್ಘವಾಗಿ ಅಪಾಯಕಾರಿಯಾದ ಲಯಭಂಗಕ್ಕೂ ಎಡೆಯಾಗಬಹುದು. ಎದೆಯ ನೋವನ್ನು ಒಯ್ಯುವ ನರಗಳೇ ಮರಗಟ್ಟಿದಾಗ, ಆಘಾತವು ಬರಿಯ ಬೆವರಾಗಿಯೋ ಏದುಸಿರಾಗಿಯೋ ಕಾರಣವಿಲ್ಲದ ಬಳಲಿಕೆಯಾಗಿಯೋ ಬಂದುಹೋಗುತ್ತದೆ.

ಈ ನರಹಾನಿಯನ್ನು ಕಂಡುಹಿಡಿಯಲು ಮಹಾಯಂತ್ರಗಳೇನೂ ಬೇಕಿಲ್ಲ. 1970ರ ದಶಕದಲ್ಲಿ ಎಡಿನ್‌ಬರೋ ನಗರದ ಡೇವಿಡ್ ಯೂಯಿಂಗ್ ಮತ್ತು ಅವರ ಸಹೋದ್ಯೋಗಿಗಳು ರೂಢಿಗೆ ತಂದ ಸರಳ ಪರೀಕ್ಷೆಗಳು ಇಂದಿಗೂ ಬಳಕೆಯಲ್ಲಿವೆ: ನಿಮಿಷಕ್ಕೆ ಆರರಂತೆ ದೀರ್ಘವಾಗಿ ಉಸಿರಾಡಿಸಿ ಬಡಿತದ ಏರಿಳಿತವನ್ನು ಇ.ಸಿ.ಜಿ.ಯಲ್ಲಿ ನೋಡುವುದು ಒಂದು. ಮಲಗಿದ್ದಾಗಲೂ ಎದ್ದು ನಿಂತ ಮೇಲೂ ಬಿ.ಪಿ. ಅಳೆಯುವುದು ಇನ್ನೊಂದು. ನಿಂತ ಮೂರು ನಿಮಿಷಗಳೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ಅದನ್ನು ಲಘುವಾಗಿ ಎಣಿಸಲಾಗದು.

ಅಮೆರಿಕ ಮತ್ತು ಕೆನಡಾಗಳಲ್ಲಿ ಮೊದಲನೆಯ ಬಗೆಯ ಮಧುಮೇಹವುಳ್ಳ 1,441 ಜನರನ್ನು ವರ್ಷಗಳ ಕಾಲ ಅನುಸರಿಸಿ 1993ರಲ್ಲಿ ಪ್ರಕಟವಾದ ಅಧ್ಯಯನವು, ಸಕ್ಕರೆಯನ್ನು ಹತೋಟಿಯಲ್ಲಿಟ್ಟವರಲ್ಲಿ ನರಹಾನಿ ಬಹಳ ಕಡಮೆಯೆಂದು ತೋರಿಸಿಕೊಟ್ಟಿತು. ಎರಡನೆಯ ಬಗೆಯವರಿಗೆ ಸಕ್ಕರೆಯ ಜೊತೆಗೆ ಬಿ.ಪಿ., ಕೊಬ್ಬು, ತಂಬಾಕುಗಳ ನಿಗ್ರಹವೂ ಬೇಕು. ಹಾಗೆಂದು ಆತುರಪಟ್ಟು ಮಾತ್ರೆಯನ್ನು ತಾವೇ ಏರಿಸಿಕೊಳ್ಳಬಾರದು. ನರ ಸೋತವರಿಗೆ ಸಕ್ಕರೆ ಕುಸಿದಾಗಿನ ಎದೆಬಡಿತ, ನಡುಕಗಳ ಮುನ್ಸೂಚನೆಯೂ ತಪ್ಪಿಹೋಗುತ್ತದೆ.

ಆದುದರಿಂದ, ಬಾಂಧವರೇ, ಮುಂದಿನ ಸಲ ಶುಗರ್ ರಿಪೋರ್ಟನ್ನು ಕೈಯಲ್ಲಿ ಹಿಡಿದು ವೈದ್ಯರೆದುರು ಕುಳಿತಾಗ, ಸಂಕೋಚಪಡದೆ, “ಡಾಕ್ಟರೇ, ನಿಲ್ಲಿಸಿಯೂ ಒಮ್ಮೆ ಬಿ.ಪಿ. ನೋಡಿ” ಎಂದು ಕೇಳಿರಿ. ಮನೆಯ ಹಿರಿಯರು ಹಠಾತ್ತನೆ ಬೆವೆತು ಕುಳಿತರೆ, ನೋವಿಲ್ಲವೆಂದು ಅವರೇ ಹೇಳಿದರೂ, ಪಾನಕಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.