ಗೀರಿಲ್ಲದ ತಟ್ಟೆಯಲ್ಲಿ ಗೀರಿನ ಸದ್ದು

ಮಕ್ಕಳೇ, ಈ ವಾರ ಕಳ್ಳರನ್ನು ಹಿಡಿದ ಕತೆ. ಹಿಡಿದವಳು ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು. ಸಿಕ್ಕಿಬಿದ್ದವರು ಇಬ್ಬರು. ಮೊದಲನೆಯವನನ್ನು ನಾವು ಕಣ್ಣಲ್ಲಿ ಕಂಡಿಲ್ಲ. ಎರಡನೆಯವನನ್ನು ನಾನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ನಮ್ಮೂರು ವೈದ್ಯನಾಥಪುರ. ಮದ್ದೂರಿನ ಮಗ್ಗುಲಲ್ಲಿ, ಶಿಂಷಾ ನದಿಯ ದಂಡೆಯಲ್ಲಿದೆ. ವೈದ್ಯನಾಥೇಶ್ವರನ ಗುಡಿಗೆ ಬಂದವರು ಊರನ್ನೂ ನೋಡಿರುತ್ತೀರಿ. ನಾನು ಇಪ್ಪತ್ತರ ಹುಡುಗನಾಗಿದ್ದಾಗ ಊರಲ್ಲಿ ಮದುವೆಯೋ ಹಬ್ಬವೋ ಬಂದರೆ ಮದ್ದೂರಿನಿಂದ ಮೈಕ್‌ಸೆಟ್ಟಿನವರು ಬರುತ್ತಿದ್ದರು. ತೆಂಗಿನ ಮರಕ್ಕೆ ಹಾರ್ನ್ ಸ್ಪೀಕರು ಕಟ್ಟಿ, ಜಗುಲಿಯ ಮೂಲೆಯಲ್ಲಿ ಪ್ಲೇಟು ಹಾಕುವ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. ಪ್ಲೇಟು ಅಂದರೆ ಊಟದ ತಟ್ಟೆಯಲ್ಲ, ಗ್ರಾಮಫೋನ್ ತಟ್ಟೆ. ಬೆಳಿಗ್ಗೆ ದೇವರ ಹಾಡು, ಮಧ್ಯಾಹ್ನ ರಾಜಣ್ಣನ ಹಾಡು, ರಾತ್ರಿ ಹಿರಿಯರು ಮಲಗಿದ ಮೇಲೆ ನಮ್ಮಂಥವರ ಕಾಟಕ್ಕೆ ಡಿಸ್ಕೊ.

ಡಿಸ್ಕೊ ಅಂದರೆ ಏನು ಅಂತ ನಿಮ್ಮ ತಾತ, ಅಜ್ಜಿಯನ್ನು ಕೇಳಿ, ಮುಖದಲ್ಲಿ ನಗು ಬರುತ್ತದೆ. ಗಡಿಯಾರದ ಹಾಗೆ ತಪ್ಪದೆ ಬೀಳುವ ಡ್ರಮ್ಮಿನ ಪೆಟ್ಟು, ಮಿಂಚುವ ಅಂಗಿ, ನೆಲ ಗುಡಿಸುವ ಬೆಲ್‌ಬಾಟಮ್ ಪ್ಯಾಂಟು, ಬಣ್ಣದ ದೀಪ. ಎಲ್ಲವೂ ಒಂದು ಹಿಡಿ ಜಾಸ್ತಿ. ಆ ಜಾಸ್ತಿಯೇ ಅದರ ಚೆಂದ. ಕನ್ನಡಕ್ಕೂ ಆ ಗಾಳಿ ಬೀಸಿತು. ದ್ವಾರಕೀಶ್ 1986ರಲ್ಲಿ ತೆಗೆದ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟವರು ಹಿಂದಿಯಲ್ಲಿ ‘ಡಿಸ್ಕೊ ಡ್ಯಾನ್ಸರ್’ ಮಾಡಿದ್ದ ಬಪ್ಪಿ ಲಹರಿ.

ಆ ಕಾಲದ ತಟ್ಟೆಗಳಲ್ಲಿ ನನ್ನ ಮನಸ್ಸು ಕದ್ದದ್ದು ‘ಡಿಸ್ಕೊ ದೀವಾನೆ’. ಅದು ಸಿನಿಮಾದ್ದಲ್ಲ, ಬರೀ ಹಾಡಿನ ತಟ್ಟೆ. 1981ರಲ್ಲಿ ಬಂತು. ಹಾಡಿದವರು ಪಾಕಿಸ್ತಾನದಿಂದ ಲಂಡನ್ನಿಗೆ ಹೋಗಿದ್ದ ಅಕ್ಕ ತಮ್ಮ, ನಾಜಿಯಾ ಹಸನ್ ಮತ್ತು ಜೊಹೇಬ್ ಹಸನ್. ನಾಜಿಯಾ ಅದಕ್ಕೂ ಮೊದಲೇ 1980ರ ‘ಕುರ್ಬಾನಿ’ ಚಿತ್ರಕ್ಕೆ ಒಂದು ಹಾಡು ಹಾಡಿ ಹೆಸರಾಗಿದ್ದರು. ಆಗ ಅವರಿಗೆ ವಯಸ್ಸು ಹದಿನೈದು, ಅಂದರೆ ಹತ್ತನೇ ತರಗತಿಯ ಹುಡುಗಿ. ಈ ತಟ್ಟೆಯ ಹಿಂದಿದ್ದ ಸಂಗೀತಗಾರ ಮಾತ್ರ ನಮ್ಮವರೇ. ಬಿದ್ದು ಅಪ್ಪಯ್ಯ 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಗಿಟಾರು ಹಿಡಿದು ಇಂಗ್ಲೆಂಡಿಗೆ ಹೋದರು. 1974ರಲ್ಲಿ ಅವರು ಕಾರ್ಲ್ ಡಗ್ಲಸ್ ಅವರಿಂದ ಹಾಡಿಸಿದ ‘ಕುಂಗ್ ಫು ಫೈಟಿಂಗ್’ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಏರಿತು. ಇದನ್ನೆಲ್ಲ ಮೊಮ್ಮಗಳಿಗೆ ಎಷ್ಟು ಸಲ ಹೇಳಿದ್ದೆನೋ ನನಗೇ ಲೆಕ್ಕವಿಲ್ಲ.

ಅವಳು ಲೆಕ್ಕ ಇಟ್ಟಿದ್ದಳು. ಹೋದ ಯುಗಾದಿಗೂ ದೀಪಾವಳಿಗೂ ಕೈಗೆ ಬಂದ ದುಡ್ಡನ್ನು ಡಬ್ಬಿಯಲ್ಲಿ ಕೂಡಿಟ್ಟಳು. ಬೇಸಿಗೆ ರಜೆಯಲ್ಲಿ ಸೋದರಮಾವನ ಜೊತೆ ಬೆಂಗಳೂರಿಗೆ ಹೋದವಳು ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂಬೈನೂರು ರೂಪಾಯಿ ಎಣಿಸಿ ‘ಡಿಸ್ಕೊ ದೀವಾನೆ’ ತಂದಳು. “ಒರಿಜಿನಲ್ ಅಂತೆ ತಾತ, ಅಂಗಡಿಯವ್ರೇ ಹೇಳಿದ್ರು” ಅಂದಳು.

ನಾನು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಿಡಿದ ಕೂಡಲೇ ಗೊತ್ತಾಯಿತು, ಇದು ನಕಲಿ. ಆದರೆ ಎದುರಿಗೆ ಅವಳ ಮುಖ ಅರಳಿ ನಿಂತಿತ್ತು. “ಭಾಳ ಚೆನ್ನಾಗಿದೆ ಕಣವ್ವ” ಅಂದುಬಿಟ್ಟೆ.

ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಸಂಜೆ ಅವಳು ಗಣಿತದ ಪುಸ್ತಕ, ಗಡಿಯಾರ ಎರಡನ್ನೂ ಹಿಡಿದು ಪೆಟ್ಟಿಗೆಯ ಮುಂದೆ ಕೂತಿದ್ದಳು.

“ತಾತ, ಇಲ್ಲಿ ಕೇಳು. ಎರಡನೇ ಹಾಡಲ್ಲಿ ಟಕ್, ಟಕ್ ಅಂತದೆ. ಹತ್ತು ಟಕ್ಕಿಗೆ ಹದಿನೆಂಟು ಸೆಕೆಂಡು.”

“ಗೀರು ಬಿದ್ದಿರ್‍ಬೇಕು ಮಗ.”

“ಗೀರಿದ್ರೆ ಕಾಣ್ಬೇಕಲ್ಲ? ಟಾರ್ಚ್ ಹಾಕಿ ನೋಡ್ದೆ. ಒಂದು ಗೀರೂ ಇಲ್ಲ.”

ಮಕ್ಕಳೇ, ಅವಳ ಲೆಕ್ಕ ನೀವೂ ಮಾಡಿ. ದೊಡ್ಡ ತಟ್ಟೆ ನಿಮಿಷಕ್ಕೆ 33 ಸುತ್ತು ಮತ್ತು ಒಂದು ಸುತ್ತಿನ ಮೂರನೇ ಒಂದು ಭಾಗ ತಿರುಗುತ್ತದೆ. 60 ಸೆಕೆಂಡನ್ನು ಅದರಿಂದ ಭಾಗಿಸಿದರೆ ಒಂದು ಸುತ್ತಿಗೆ 1.8 ಸೆಕೆಂಡು. ತಟ್ಟೆಯ ಮೇಲೆ ಅಡ್ಡ ಗೀರು ಬಿದ್ದಿದ್ದರೆ ಮುಳ್ಳು ಪ್ರತಿ ಸುತ್ತಿಗೂ ಅದನ್ನು ದಾಟುತ್ತದೆ, 1.8 ಸೆಕೆಂಡಿಗೊಮ್ಮೆ ಟಕ್ ಅನ್ನುತ್ತದೆ. ಇಲ್ಲಿ ಟಕ್ ಇದೆ, ಗೀರಿಲ್ಲ. ಹಾಗಾದರೆ ಗೀರು ಎಲ್ಲಿದೆ? ಇನ್ನೊಂದು ತಟ್ಟೆಯಲ್ಲಿ! ಯಾರೋ ತೇದುಹೋದ ಹಳೆಯ ತಟ್ಟೆಯೊಂದನ್ನು ಹಾಕಿ, ಅದರ ಹಾಡನ್ನು ಇಳಿಸಿಕೊಂಡು, ಅದರಿಂದ ಈ ಹೊಸ ತಟ್ಟೆ ಅಚ್ಚು ಹಾಕಿದ್ದಾರೆ. ಹಾಡಿನ ಜೊತೆ ಗೀರಿನ ಸದ್ದೂ ಬಂದುಬಿಟ್ಟಿದೆ.

“ನಿಂಗೆ ಗೊತ್ತಿತ್ತಾ ತಾತ?” ಅಂದಳು.

ಗೊತ್ತಿತ್ತು ಅಂದೆ. ಅವಳು ಅಳಲಿಲ್ಲ. “ಅಂಗಡಿಯವ್ರು ಒಂದು ಸುಳ್ಳು ಹೇಳಿದ್ರು, ನೀನೊಂದು ಹೇಳ್ದೆ” ಅಂದು ಎದ್ದು ಹೋದಳು. ಒಂಬೈನೂರು ರೂಪಾಯಿ ಹೋದದ್ದಕ್ಕಿಂತ ಆ ಮಾತು ನನಗೆ ಹೆಚ್ಚು ಚುಚ್ಚಿತು.

ಮಾರನೆಯ ದಿನ ಅವಳನ್ನು ಕರೆದುಕೊಂಡು ಮದ್ದೂರಿಗೆ ಹೋದೆ. ಹಿಂದೆ ನಮ್ಮೂರಿಗೆ ಬರುತ್ತಿದ್ದ ಮೈಕ್‌ಸೆಟ್ಟಿನವರು ಈಗ ಅಂಗಡಿ ಮುಚ್ಚಿದ್ದಾರೆ, ಆದರೆ ಅಟ್ಟದ ಮೇಲೆ ತಟ್ಟೆಗಳನ್ನು ಇಟ್ಟಿದ್ದಾರೆ. ಅವುಗಳ ನಡುವೆ ಇದೇ ‘ಡಿಸ್ಕೊ ದೀವಾನೆ’ಯ ಅಸಲು ತಟ್ಟೆ ಇತ್ತು. ನಾಯಿ ಮಾರ್ಕಿನದು, ಎಚ್.ಎಂ.ವಿ. ಹೊದಿಕೆಯ ಮೇಲೆ ಅಂಗಡಿಯ ರಬ್ಬರ್ ಸೀಲು, ತುದಿಯಲ್ಲಿ ಅರಿಸಿನದ ಕಲೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನಾವು ಕಂಡದ್ದನ್ನು ಹೇಳುತ್ತೇನೆ, ನಿಮ್ಮ ಮನೆಯ ಅಟ್ಟದ ಮೇಲೂ ಪರೀಕ್ಷೆ ಮಾಡಬಹುದು.

ಮೊದಲು ಹೊದಿಕೆ. ಅಸಲಿನ ಸಣ್ಣ ಅಕ್ಷರಗಳು ಚೂಪಾಗಿದ್ದವು. ನಕಲಿಯಲ್ಲಿ ಅವು ಶಾಯಿ ಹೀರಿದ ಕಾಗದದ ಹಾಗೆ ಹಬ್ಬಿದ್ದವು. ತಮಾಷೆಯೆಂದರೆ ನಕಲಿಯ ಮೂಲೆಯಲ್ಲಿ ಒಂದು ಮಡಿಕೆಯ ಗುರುತಿತ್ತು, ಬೆರಳಾಡಿಸಿದರೆ ಮಡಿಕೆಯೇ ಇಲ್ಲ. ಹಳೆಯ ಹೊದಿಕೆಯ ಫೋಟೊ ತೆಗೆದು ಅಚ್ಚು ಹಾಕಿದಾಗ ಮಡಿಕೆಯೂ ಚಿತ್ರವಾಗಿ ಕೂತಿತ್ತು.

ಎರಡನೆಯದು ಖಾಲಿ ಉಂಗುರ. ಕೊನೆಯ ಹಾಡು ಮುಗಿದ ಮೇಲೆ ನಡುವಿನ ಕಾಗದದ ಲೇಬಲ್ಲಿನವರೆಗೆ ನುಣ್ಣಗಿನ ಜಾಗ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಕಾರ್ಖಾನೆಯವರು ಒತ್ತಿದ ಸಣ್ಣ ಸಂಖ್ಯೆ ಕಾಣುತ್ತದೆ. ಸಾಮಾನ್ಯವಾಗಿ ಅದು ಲೇಬಲ್ಲಿನ ಮೇಲಿನ ಸಂಖ್ಯೆಗೆ ತಾಳೆಯಾಗುತ್ತದೆ. ನಮ್ಮ ನಕಲಿಯಲ್ಲಿ ಆ ಜಾಗ ಬೋಳಾಗಿತ್ತು. ನಾನು ಕಿಟಕಿಯ ಬಳಿ ಮೊದಲು ನೋಡಿದ್ದು ಇದನ್ನೇ.

ಮೂರನೆಯದು ಸದ್ದು. ಅಸಲಿನಲ್ಲಿ ತಾಳದ ಝಣಝಣ ಗಾಜಿನ ಬಳೆಯ ಹಾಗೆ ಕೇಳುತ್ತಿತ್ತು. ನಕಲಿಯಲ್ಲಿ ಅದೇ ತಾಳ ಕಂಬಳಿ ಹೊದ್ದಿತ್ತು.

ನಾಲ್ಕನೆಯದು ಹೆಸರು. ಯಾರು ಹಾಡಿದರು, ಯಾರು ಸಂಗೀತ ಮಾಡಿದರು, ಯಾವ ಕಂಪನಿ, ಯಾವ ವರ್ಷ, ಇವೆಲ್ಲ ಅಸಲಿನಲ್ಲಿದ್ದವು. ನಕಲಿಯ ಲೇಬಲ್ಲಿನಲ್ಲಿ ತಟ್ಟೆಯ ಹೆಸರು, ನಾಜಿಯಾ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಬಿದ್ದು ಅವರ ಹೆಸರು ಮಾಯ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ಬಂದ ಮೇಲಂತೂ ತಟ್ಟೆ, ಕ್ಯಾಸೆಟ್ಟು ಏನೇ ಮಾರಿದರೂ ಅದನ್ನು ತಯಾರಿಸಿದವರ ಹೆಸರು ವಿಳಾಸ, ಹಕ್ಕು ಯಾರದೋ ಅವರ ಹೆಸರು ವಿಳಾಸ, ಮೊದಲು ಹೊರಬಂದ ವರ್ಷ ಅದರ ಮೇಲಿರಲೇಬೇಕು. ಆ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. 1981ರ ಹಾಡಿಗೆ 2041ರ ಕೊನೆಯವರೆಗೆ.

ಒಂದು ಎಚ್ಚರಿಕೆ. ಒಂದೇ ಗುರುತು ಹಿಡಿದು ಯಾರನ್ನೂ ಕಳ್ಳ ಅನ್ನಬೇಡಿ. ಧೂಳಿನಿಂದಲೂ ಟಕ್ ಅನ್ನಬಹುದು. ಹೊಸದಾಗಿ ಕಾಣುವುದೆಲ್ಲ ನಕಲಿಯೂ ಅಲ್ಲ. ಹಕ್ಕುದಾರರೇ ಹಳೆಯ ತಟ್ಟೆಯನ್ನು ಮತ್ತೆ ಅಚ್ಚು ಹಾಕಿಸುವುದುಂಟು. ಅದರ ಮೇಲೆ ಬಾರ್‌ಕೋಡ್ ಇರಬಹುದು, ಆದರೆ ಯಾರು ಯಾವಾಗ ಹೊರತಂದರು ಎಂಬುದೂ ಇರುತ್ತದೆ. ಅಂಥದ್ದನ್ನು ನೆಮ್ಮದಿಯಿಂದ ಕೊಳ್ಳಿ. ಎರಡು ಮೂರು ಗುರುತು ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಅನುಮಾನಪಡಿ.

ಮೊಮ್ಮಗಳು ಅಸಲು ತಟ್ಟೆಯನ್ನು ಆಸೆಯಿಂದ ನೋಡುತ್ತಿದ್ದಳು. ಮೈಕ್‌ಸೆಟ್ಟಿನವರು ನಕ್ಕು, “ಮಾರಾಕಿಲ್ಲ ಕಣವ್ವ. ಕೇಳೋದಾದ್ರೆ ಯಾವಾಗ್ ಬೇಕಾದ್ರೂ ಬಾ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಇದ್ರಿಂದ್ಲೇ ಅಲ್ವಾ ನೀವು ಕ್ಯಾಸೆಟ್ ತುಂಬುಸ್ಕೊಂಡು ಹೋಗಿದ್ದು?” ಅಂದರು.

ಎರಡನೆಯ ಕಳ್ಳ ಸಿಕ್ಕಿಬಿದ್ದ.

ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ಬರೆದ ಚೀಟಿ ಎರಡನ್ನೂ ಕೊಟ್ಟು ಬಂದರೆ ಎರಡು ದಿನ ಬಿಟ್ಟು ಹಾಡು ತುಂಬಿಸಿ ಕೊಡುತ್ತಿದ್ದರು. ನಾನೂ ತುಂಬಿಸಿಕೊಂಡೆ. ಒಂದಲ್ಲ, ಹತ್ತಾರು. ಸ್ನೇಹಿತರಿಗೆ ಬೇಕಾದಾಗ ಇನ್ನಷ್ಟು ತುಂಬಿಸಿ ಕೊಟ್ಟು ದುಡ್ಡೂ ಇಸಿದುಕೊಂಡೆ. ತಪ್ಪು ಅಂತ ಅನ್ನಿಸಲೇ ಇಲ್ಲ. ಎಲ್ಲರೂ ಮಾಡುತ್ತಿದ್ದರು, ತಟ್ಟೆ ಕೊಳ್ಳುವ ತಾಕತ್ತು ಯಾರಿಗಿತ್ತು?

“ಹಾಗಾದ್ರೆ ನೀನೂ ಅದೇ ಮಾಡಿದ್ದೀಯ ತಾತ” ಅಂದಳು ಮೊಮ್ಮಗಳು. ಹೌದು ಅಂದೆ. ಈ ಸಲ ಮುಚ್ಚಿಡಲಿಲ್ಲ. ನಮ್ಮ ಕ್ಯಾಸೆಟ್ಟಿನ ಮೇಲೆ ನಾವು ಬರೆಯುತ್ತಿದ್ದದ್ದು ‘ಡಿಸ್ಕೊ, ಒಂದನೇ ಭಾಗ’ ಅಂತ ಅಷ್ಟೇ. ಹಾಡಿದವರು ಯಾರು, ನುಡಿಸಿದವರು ಯಾರು, ಒಬ್ಬರ ಹೆಸರೂ ಇಲ್ಲ. ಬಿದ್ದು ಬೆಂಗಳೂರಿನವರು ಅಂತ ನನಗೇ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಹೆಸರು ಹೋದರೆ ಏನು ಹೋಗುತ್ತದೆ? ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಒಂದು ನಿಜಕತೆ ಹೇಳಿದೆ. ಮುಂಬೈಯಲ್ಲಿ ಚರಂಜಿತ್ ಸಿಂಗ್ ಎಂಬ ವಾದ್ಯಗಾರರಿದ್ದರು. ಹಿಂದಿ ಸಿನಿಮಾ ಹಾಡುಗಳಿಗೆ ಗಿಟಾರು, ಕೀಬೋರ್ಡು ನುಡಿಸುತ್ತಿದ್ದರು. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ, ಸಿಂಥಸೈಸರಿನಲ್ಲಿ ನುಡಿಸಿ ಒಂದು ತಟ್ಟೆ ತಂದರು. ಕೊಂಡವರು ಕಡಿಮೆ, ಜನ ಮರೆತರು. ಇಪ್ಪತ್ತು ವರ್ಷದ ಮೇಲೆ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯ ಅಂಗಡಿಯೊಂದರಲ್ಲಿ ಆ ತಟ್ಟೆ ಸಿಕ್ಕಿತು. ಕೇಳಿ ಬೆರಗಾದರು. ಹೊದಿಕೆಯ ಮೇಲೆ ಹೆಸರಿತ್ತು. ಆ ಹೆಸರು ಹಿಡಿದು ಮುಂಬೈಯಲ್ಲಿ ಮನುಷ್ಯನನ್ನು ಪತ್ತೆ ಮಾಡಿದರು. 2010ರಲ್ಲಿ ತಟ್ಟೆ ಮತ್ತೆ ಅಚ್ಚಾಯಿತು. ಎಪ್ಪತ್ತು ದಾಟಿದ ಚರಂಜಿತ್ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಆ ರಾಗಗಳನ್ನು ನುಡಿಸಿದರು. 2015ರಲ್ಲಿ ತೀರಿಕೊಂಡರು, ಆದರೆ ಮರೆತುಹೋದವರಾಗಿ ಅಲ್ಲ.

ಬೌಮನ್ ಕೈಗೆ ಸಿಕ್ಕಿದ್ದು ಹೆಸರಿಲ್ಲದ ಕಳ್ಳಪ್ರತಿಯಾಗಿದ್ದರೆ ಯಾರ ಮನೆಯ ಬಾಗಿಲು ತಟ್ಟುತ್ತಿದ್ದರು?

ಮನೆಗೆ ಬಂದ ಮೇಲೆ ಅವಳು ಮಸಿ ಪೆನ್ನು ತಂದಳು. ತಟ್ಟೆ ಎಸೆಯುತ್ತಾಳೇನೋ ಅಂದುಕೊಂಡೆ, ಎಸೆಯಲಿಲ್ಲ. ಹೊದಿಕೆಯ ಹಿಂದೆ ದೊಡ್ಡದಾಗಿ ‘ಇದು ನಕಲು’ ಎಂದು ಬರೆದಳು. ನಾಳೆ ಇದು ಇನ್ನೊಬ್ಬರ ಕೈಗೆ ಹೋದರೂ ಯಾರೂ ಒಂಬೈನೂರು ಕಳೆದುಕೊಳ್ಳಬಾರದು. ಅದರ ಕೆಳಗೆ, ಮದ್ದೂರಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದ ಹೆಸರುಗಳನ್ನೆಲ್ಲ ಬರೆದಳು: ನಾಜಿಯಾ, ಜೊಹೇಬ್, ಬಿದ್ದು.

ಆಮೇಲೆ ನನ್ನ ಹಳೇ ಕ್ಯಾಸೆಟ್ಟಿನ ಡಬ್ಬಿ ಎಳೆದು ನನ್ನ ಮುಂದಿಟ್ಟಳು. “ಇವಕ್ಕೆ ನೀನು ಬರಿ” ಅಂದಳು. ಮೂವತ್ತೊಂದು ಕ್ಯಾಸೆಟ್ಟಿವೆ. ದಿನಕ್ಕೊಂದು ಕೇಳಿ, ಹಾಡಿದವರು ಯಾರು, ಸಂಗೀತ ಮಾಡಿದವರು ಯಾರು ಎಂದು ನೆನಪು ಮಾಡಿಕೊಂಡು, ಗೊತ್ತಿಲ್ಲದ್ದನ್ನು ಮೈಕ್‌ಸೆಟ್ಟಿನವರನ್ನು ಕೇಳಿ ಬರೆಯುತ್ತಿದ್ದೇನೆ. ಒಂಬತ್ತು ಮುಗಿದಿದೆ.

ನಿಮ್ಮ ಅಟ್ಟದ ಮೇಲೂ ತಟ್ಟೆಯೋ ಕ್ಯಾಸೆಟ್ಟೋ ಇದ್ದರೆ ಇಳಿಸಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ. ತಾತನಿಗೂ ಮೊಮ್ಮಗುವಿಗೂ ಸೇರಿ ಒಂದು ಕೆಲಸ ಕೊಡುತ್ತೇನೆ: ಒಂದು ಹಾಡು ಹಾಕಿ, ಅದರಲ್ಲಿ ಕೈ ಹಾಕಿದ ಎಷ್ಟು ಜನರ ಹೆಸರು ಹೇಳಬಲ್ಲಿರಿ ಎಣಿಸಿ.