ಹಾಲು ಎಲ್ಲಿ ಹೋಯಿತು?

ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್‌ರ ‘ಅನಿಮಲ್ ಫಾರ್ಮ್’ ಅಚ್ಚಾದದ್ದು 1945ರ ಆಗಸ್ಟ್‌ನಲ್ಲಿ. ಸ್ಟಾಲಿನ್‌ನ ರಷ್ಯಾವನ್ನು ಅಣಕಿಸುವ ಕತೆ. ಯುದ್ಧದಲ್ಲಿ ರಷ್ಯಾ ಬ್ರಿಟನ್ನಿನ ಮಿತ್ರನಾಗಿದ್ದಾಗ ಹಲವು ಪ್ರಕಾಶಕರು ಇದನ್ನು ಒಲ್ಲೆವೆಂದಿದ್ದರು.

ಕುಡುಕ ಯಜಮಾನನನ್ನು ಓಡಿಸಿದ ಪ್ರಾಣಿಗಳು ಸಮಾನತೆಯ ಕಟ್ಟಳೆಗಳನ್ನು ಗೋಡೆಯ ಮೇಲೆ ಬರೆಯುತ್ತವೆ. ಅಂದು ಕರೆದ ಐದು ಬಕೆಟ್ ಹಾಲು ಸಂಜೆಯೊಳಗೆ ಮಾಯ! ಅದು ಹಂದಿಗಳ ಕಲಗಚ್ಚಿಗೆ ಸೇರಿತ್ತು. ಆಮೇಲೆ ಸೇಬುಗಳೂ ಅವುಗಳ ಪಾಲಾದವು. ಗೊಣಗಿದವರಿಗೆ ವಕ್ತಾರ ಹಂದಿ ಸ್ಕ್ವೀಲರ್ ಸಮಜಾಯಿಷಿ ಕೊಟ್ಟಿತು: ತಲೆ ಓಡಿಸುವ ಹಂದಿಗಳಿಗೆ ಹಾಲು, ಸೇಬು ಅಗತ್ಯವೆಂದು ವಿಜ್ಞಾನವೇ ಹೇಳಿದೆ, ಹಂದಿಗಳು ಸೋತರೆ ಹಳೆಯ ಯಜಮಾನ ಮರಳುತ್ತಾನೆ!

ಯಾವ ಪ್ರಯೋಗ? ಮಾಡಿದವರಾರು? ಒಬ್ಬರೂ ಕೇಳಲಿಲ್ಲ. ಸಾಕ್ಷ್ಯ ತೋರಿಸದೆ ವಿಜ್ಞಾನದ ಹೆಸರು ಹೇಳಿದರೆ ಅದು ಬರೀ ಬೆದರಿಕೆ.

ಕತೆ ತಿರುಗುವುದು ಈ ಹಾಲು-ಸೇಬಿನಲ್ಲೇ ಎಂದು 1946ರಲ್ಲಿ ಆರ್ವೆಲ್ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದರು. ಉಳಿದ ಪ್ರಾಣಿಗಳು ಆಗಲೇ ಅಡ್ಡ ನಿಲ್ಲಬೇಕಿತ್ತು ಎಂಬುದು ಅವರ ಮಾತಿನ ಸಾರ.

ದುಡಿದು ಕುಸಿದ ಕುದುರೆ ಬಾಕ್ಸರ್‌ನನ್ನು ಕಟುಕನ ಗಾಡಿ ಒಯ್ಯುವಾಗ ಪ್ರಾಣಿಗಳು ಕೂಗುತ್ತಾ ಹಿಂದೆ ಓಡಿದವು. ಆದರೆ ಹೊತ್ತು ಮೀರಿತ್ತು. ಲೆಕ್ಕ ಕೇಳಬೇಕಾದದ್ದು ಬಕೆಟ್ ಬರಿದಾದ ಸಂಜೆಯೇ.