ಮಾರಿದವನ ಕೈಯಲ್ಲಿ ಬೀಗದ ಕೈ

ಹಣ ತೆತ್ತು ಕೊಂಡ ಪೆಟ್ಟಿಗೆಯ ಬೀಗದ ಕೈಯನ್ನು ಮಾರಿದವನೇ ಇಟ್ಟುಕೊಂಡರೆ ಅದನ್ನು ವ್ಯಾಪಾರವೆನ್ನಬಹುದೆ? ಕಂಪ್ಯೂಟರ್ ತಂತ್ರಾಂಶಗಳ ವಿಷಯದಲ್ಲಿ ಇಂದು ನಡೆಯುತ್ತಿರುವುದು ಇದೇ. ಇದಕ್ಕೆ ‘ಡಿಜಿಟಲ್ ಹಕ್ಕುಗಳ ನಿರ್ವಹಣೆ’ ಎಂಬ ಸೌಮ್ಯವಾದ ಹೆಸರನ್ನಿಟ್ಟಿರುವರು.

ಪೀಣ್ಯದಂತಹ ಕಡೆಗಳಲ್ಲಿನ ಸಣ್ಣ ಕಾರ್ಖಾನೆಯವರನ್ನು ನೋಡಿರಿ. ಯಂತ್ರಭಾಗಗಳ ನಕ್ಷೆ ಬರೆಯುವ ತಂತ್ರಾಂಶಗಳಲ್ಲಿ ಕೆಲವು ಡಾಂಗಲ್ ಎಂಬ ತುಂಡನ್ನು ಸಿಕ್ಕಿಸಿದ ಹೊರತು ತೆರೆಯವು. ಕೆಲವು ದೂರದ ಸರ್ವರಿನ ಅಪ್ಪಣೆಯಿಲ್ಲದೆ ನಡೆಯವು. ಡಾಂಗಲ್ ಕೆಟ್ಟರೆ, ಸರ್ವರು ನಿಂತರೆ, ಕಾರ್ಖಾನೆಯವನು ತಾನೇ ಬರೆದ ನಕ್ಷೆಯ ಮುಂದೆ ಪರಕೀಯನಂತೆ ನಿಲ್ಲಬೇಕಾಗುವುದು. ಇದು ಬರಿಯ ಊಹೆಯಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ, ಇದೇ ಬಗೆಯ ಬೀಗದಿಂದ, ಕೊಂಡವರ ಪುಸ್ತಕಗಳು ತೆರೆಯದಂತಾದುವು. ಹಣವು ಹಿಂದಕ್ಕೆ ಬಂದಿತು, ಪುಸ್ತಕಗಳು ಬರಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು. ಬೀಗವಿಲ್ಲದಿದ್ದರೆ ಕಳ್ಳಪ್ರತಿಗಳು ಹೆಚ್ಚಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ತಂತ್ರಾಂಶ ಬರೆದು ಜೀವಿಸುವ ನಮ್ಮ ಮಕ್ಕಳ ಅನ್ನಕ್ಕೇ ಕುತ್ತೆಂಬರು. ದುಡಿದವನಿಗೆ ಪ್ರತಿಫಲವು ಸಲ್ಲತಕ್ಕದ್ದೇ. ಕಳವನ್ನು ನಾವೂ ಒಪ್ಪೆವು. ಆದರೆ ಕಳ್ಳನು ಬಳಸುವುದು ಬೀಗ ಮುರಿದ ಪ್ರತಿಯನ್ನು. ಬೀಗದ ಬಾಧೆಯೆಲ್ಲವೂ ಬೆಲೆ ತೆತ್ತ ಸಜ್ಜನನಿಗೆ.

ಇದು ವಿಕ್ರಯವೇ ಅಲ್ಲ, ಬಳಸಲು ಅನುಮತಿ ಮಾತ್ರವೆಂಬುದು ಮತ್ತೊಂದು ವಾದ. ಮಾರುವವನ ಸ್ವತ್ವವು ನೀಗಿ ಕೊಳ್ಳುವವನಲ್ಲಿ ಸ್ವತ್ವವುಂಟಾದಲ್ಲದೆ ವಿಕ್ರಯವಿಲ್ಲ. ಹಾಗಾಗದಿದ್ದಲ್ಲಿ ‘ಕೊಳ್ಳಿರಿ’ ಎಂದು ಕರೆಯುವುದೇಕೆ? ಹಾಗೆ ಕರೆಯುವವನು, ದೊರೆಯುವುದು ಅನುಮತಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾಯಿದೆಯು ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಲ್ಲಿದೆ.

ನಮ್ಮ ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಎರಡು ವರ್ಷಗಳವರೆಗಿನ ಸೆರೆಯನ್ನು ವಿಧಿಸುವುದು. ಕಾಯಿದೆಯು ನಿಷೇಧಿಸದ ಕಾರ್ಯಕ್ಕಾಗಿ ಬೀಗ ತೆಗೆಯುವುದನ್ನು ತಡೆಯದು. ನಷ್ಟವಾದೀತೆಂದು ತಂತ್ರಾಂಶದ ಮತ್ತೊಂದು ಪ್ರತಿಯನ್ನು ಮಾಡಿಟ್ಟುಕೊಳ್ಳಲು 52ನೆಯ ಕಲಮು ಅವಕಾಶ ಕೊಟ್ಟಿರುವುದು. ಆದರೆ ತೆಗೆಯುವ ವಿದ್ಯೆಯು ಸಾಮಾನ್ಯ ಗೃಹಸ್ಥನಿಗೆಲ್ಲಿಯದು? ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಂತಾಯಿತು.

ಆದಕಾರಣ ವ್ಯಾಪಾರವನ್ನು ನಿಲ್ಲಿಸುವ ಸಂಸ್ಥೆಯು ಬೀಗವನ್ನು ತೆಗೆದುಕೊಟ್ಟೇ ಹೋಗಬೇಕೆಂದು ಸರ್ಕಾರವು ವಿಧಿಸಲಿ. ಅಲ್ಲಿಯವರೆಗೆ ನಮ್ಮ ಶಾಲೆಗಳೂ ಪುಸ್ತಕಭಂಡಾರಗಳೂ ಕಾರ್ಖಾನೆಗಳೂ ಹಣ ಕೊಡುವ ಮೊದಲು ಈ ವಚನವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ. ಕೊಡಲೊಪ್ಪದವನ ಸರಕನ್ನು ಕೊಳ್ಳದಿರಲಿ.